ಹಕ್ಕಿಗಳಿಗೆ ಇಂಜೆಕ್ಷನ್ ಅರಿವಳಿಕೆ: ತಯಾರಿಯಿಂದ ಎಚ್ಚರವಾಗುವ ತನಕ

ಇಂಜೆಕ್ಷನ್ ಅರಿವಳಿಕೆಯಲ್ಲಿ ಒಂದು ದೊಡ್ಡ ತೊಡಕಿದೆ. ಕೊಟ್ಟ ಮದ್ದನ್ನು ವಾಪಸ್ ತೆಗೆಯುವ ಹಾಗಿಲ್ಲ. ಐಸೊಫ್ಲುರೇನ್‌ನಂಥ ಗ್ಯಾಸ್ ಆದರೆ, ಜಾಸ್ತಿ ಆಯಿತು ಅನ್ನಿಸಿದ ಕೂಡಲೇ ಗ್ಯಾಸಿನ ಪ್ರಮಾಣ ಹೊಂದಿಸುವ ವೇಪರೈಸರ್ ತಿರುಗಿಸಿ ಕಡಿಮೆ ಮಾಡಬಹುದು. ಕೆಲವೇ ನಿಮಿಷದಲ್ಲಿ ಹಕ್ಕಿಯ ಮಂಪರು ಹಗುರವಾಗುತ್ತದೆ. ಎದೆಯ ಸ್ನಾಯುವಿಗೆ ಹೋದ ಕೆಟಮಿನ್ ಹಾಗಲ್ಲ. ಮೈಯೇ ಅದನ್ನು ಕರಗಿಸಿ ಹೊರಹಾಕುವ ತನಕ ಕಾಯಲೇಬೇಕು. ಹಾಗಾಗಿ ಈ ವಿಧಾನದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಸೂಜಿ ಚುಚ್ಚುವ ಮೊದಲೇ ಮುಗಿದಿರಬೇಕು. ಏನು ತಪ್ಪಬಹುದು, ತಪ್ಪಿದರೆ ಏನು ಮಾಡುವುದು ಅನ್ನುವುದಕ್ಕೆ ಉತ್ತರ ಮೇಜಿನ ಮೇಲೆ ಸಿದ್ಧವಾಗಿರಬೇಕು.

ಈ ಬರಹ ಹಕ್ಕಿಗಳ ಚಿಕಿತ್ಸೆಗೆ ಹೊಸದಾಗಿ ಇಳಿದಿರುವ ಪಶುವೈದ್ಯರಿಗೆ, ವಿದ್ಯಾರ್ಥಿಗಳಿಗೆ, ಅವರ ಜೊತೆ ನಿಂತು ಕೆಲಸ ಮಾಡುವವರಿಗೆ. ಹಕ್ಕಿ ಸಾಕಿದವರೂ ಓದಬಹುದು. ಆಪರೇಷನ್‌ಗೆ ಒಪ್ಪುವ ಮೊದಲು ಡಾಕ್ಟರ ಹತ್ತಿರ ಏನೇನು ಕೇಳಬೇಕು ಅಂತ ಗೊತ್ತಾಗುತ್ತದೆ. ಆದರೆ ಇಲ್ಲಿರುವ ಯಾವ ಮದ್ದನ್ನೂ ಮನೆಯಲ್ಲಿ ಕೊಡುವಂತಿಲ್ಲ.

ಅಪಾಯ ಎಷ್ಟು ಅಂತ ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ಪಶು ಆಸ್ಪತ್ರೆಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅರಿವಳಿಕೆ ಅಥವಾ ಮಂಪರು ಮದ್ದು ಕೊಟ್ಟಾಗ ಸತ್ತ ನಾಯಿಗಳು ಶೇ. 0.17. ಗಿಳಿಗಳಲ್ಲಿ ಇದು ಶೇ. 4ರ ಹತ್ತಿರ. ಪುಟ್ಟ ಸಾಕುಗಿಳಿಗಳಾದ ಬಡ್ಜರಿಗಾರ್‌ಗಳಲ್ಲಿ ಶೇ. 16ಕ್ಕಿಂತ ಹೆಚ್ಚು. ಕಾಯಿಲೆ ಬಿದ್ದ ಹಕ್ಕಿಗಳೂ, ಎಲ್ಲ ಬಗೆಯ ಅರಿವಳಿಕೆಯೂ ಈ ಲೆಕ್ಕದಲ್ಲಿ ಸೇರಿವೆ. ಆದರೂ ಅಂತರ ಗಾಬರಿ ಹುಟ್ಟಿಸುವಂಥದ್ದೇ. ಮೈ ಚಿಕ್ಕದಾದಷ್ಟೂ ತಪ್ಪಿಗೆ ಜಾಗ ಕಡಿಮೆ.

ಹಕ್ಕಿ ಉಸಿರಾಡುವ ಬಗೆ

ಹಕ್ಕಿಗೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುಪರದೆ, ಇಲ್ಲ. ಅದರ ಶ್ವಾಸಕೋಶ ನಮ್ಮದರಂತೆ ಹಿಗ್ಗಿ ಕುಗ್ಗುವುದಿಲ್ಲ. ಮೈಯೊಳಗೆ ಹರಡಿಕೊಂಡಿರುವ ಗಾಳಿಚೀಲಗಳು, ಬಹುತೇಕ ಹಕ್ಕಿಗಳಲ್ಲಿ 9, ತಿದಿಯ ಹಾಗೆ ಕೆಲಸ ಮಾಡಿ ಗಾಳಿಯನ್ನು ಶ್ವಾಸಕೋಶದ ಮೂಲಕ ತಳ್ಳುತ್ತವೆ. ಈ ಚೀಲಗಳು ಹಿಗ್ಗಬೇಕಾದರೆ ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಬೇಕು. ಅದಕ್ಕೇ ಹಕ್ಕಿಯನ್ನು ಎದೆಯ ಸುತ್ತ ಬಿಗಿಯಾಗಿ ಹಿಡಿದರೆ, ಮೂಗು ಬಾಯಿ ತೆರೆದಿದ್ದರೂ ಅದು ಉಸಿರುಕಟ್ಟಿ ಸಾಯುತ್ತದೆ. ಅರಿವಳಿಕೆ ಮದ್ದು ಸ್ನಾಯುಗಳನ್ನು ಸಡಿಲ ಮಾಡಿದಾಗ ಇದೇ ಚಲನೆ ಕುಂದುತ್ತದೆ. ಹಕ್ಕಿಯನ್ನು ಬೆನ್ನ ಮೇಲೆ ಮಲಗಿಸಿದರೆ ಹೊಟ್ಟೆಯ ಅಂಗಗಳು ಗಾಳಿಚೀಲದ ಮೇಲೆ ಕುಳಿತು ಇನ್ನಷ್ಟು ಒತ್ತುತ್ತವೆ.

ಇನ್ನೊಂದು ವಿಷಯ. ಹಕ್ಕಿಯ ಮೈಯಲ್ಲಿ ಉಳಿತಾಯದ ಆಕ್ಸಿಜನ್ ತುಂಬಾ ಕಡಿಮೆ, ಖರ್ಚು ಮಾತ್ರ ಜಾಸ್ತಿ. ನಾಯಿಗೆ ಒಂದು ನಿಮಿಷ ಉಸಿರು ನಿಂತರೆ ಯೋಚಿಸೋಕೆ ಸಮಯ ಸಿಗುತ್ತದೆ. ಹಕ್ಕಿಗೆ ಆ ಸಮಯವಿಲ್ಲ. ಮೈಯ ಬಿಸಿ ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್. ಆ ಬಿಸಿ ಉಳಿಸಿಕೊಳ್ಳೋಕೆ ಅದು ಸದಾ ಉರುವಲು ಸುಡುತ್ತಿರಬೇಕು. ಮಂಪರಿನಲ್ಲಿ ಆ ಬೆಂಕಿ ತಣ್ಣಗಾಗುತ್ತದೆ.

ಇಂಜೆಕ್ಷನ್ ಯಾವಾಗ ಸರಿ

ಗ್ಯಾಸ್ ಯಂತ್ರ ಇದ್ದರೆ ದೊಡ್ಡ ಆಪರೇಷನ್‌ಗೆ ಅದೇ ಮೊದಲ ಆಯ್ಕೆ. ಇದರಲ್ಲಿ ನನಗೆ ಎರಡು ಮಾತಿಲ್ಲ. ಹಾಗಂತ ಇಂಜೆಕ್ಷನ್‌ಗೆ ಜಾಗವೇ ಇಲ್ಲ ಅಂತಲ್ಲ. ಕಾಡಿನಲ್ಲೋ ಹೊಲದಲ್ಲೋ ಕೆಲಸ ಮಾಡುವಾಗ ಯಂತ್ರ ಇರುವುದಿಲ್ಲ. ಬಾಯಿ, ಕೊಕ್ಕು, ಶ್ವಾಸನಾಳದಲ್ಲೇ ಚಿಕಿತ್ಸೆ ಆಗಬೇಕಾದಾಗ ಮಾಸ್ಕ್ ಅಡ್ಡ ಬರುತ್ತದೆ. ಎಕ್ಸ್‌ರೇ, ಬ್ಯಾಂಡೇಜ್, ರಕ್ತ ತೆಗೆಯುವಂಥ ಚಿಕ್ಕ ಕೆಲಸಕ್ಕೆ ಹಗುರ ಮಂಪರು ಸಾಕು. ಗ್ಯಾಸ್‌ಗೆ ಮುಂಚೆ ಸ್ವಲ್ಪ ಮಂಪರು ಕೊಟ್ಟರೆ ಹಕ್ಕಿಯ ಗಾಬರಿ ಇಳಿಯುತ್ತದೆ, ಗ್ಯಾಸೂ ಕಡಿಮೆ ಸಾಕಾಗುತ್ತದೆ. ಬಾತುಕೋಳಿಯಂಥ ನೀರುಹಕ್ಕಿಗಳ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದರೆ, ನೀರಿಗೆ ಮುಳುಗುವಾಗ ಮಾಡುವಂತೆ ಉಸಿರು ಬಿಗಿಹಿಡಿಯುತ್ತವೆ. ಎದೆಬಡಿತವೂ ತಟ್ಟನೆ ಇಳಿಯುತ್ತದೆ. ಅಲ್ಲೂ ಮೊದಲು ಇಂಜೆಕ್ಷನ್ ಕೊಡುವುದು ನೆರವಾಗುತ್ತದೆ.

ಹಂತ 1: ನೋಡಿ, ಆಮೇಲೆ ಮುಟ್ಟಿ

ಪಂಜರದಲ್ಲಿ ಕೂತಿರುವಾಗಲೇ ಹಕ್ಕಿಯನ್ನು ಕೆಲವು ನಿಮಿಷ ದೂರದಿಂದ ನೋಡಿ. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದೆಯೇ? ಬಾಯಿ ತೆರೆದು ಉಸಿರಾಡುತ್ತಿದೆಯೇ? ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ಕೂತಿದೆಯೇ? ಇದರಲ್ಲಿ ಒಂದು ಇದ್ದರೂ ಅರಿವಳಿಕೆ ಮುಂದೂಡಿ. ಮೊದಲು ಆಕ್ಸಿಜನ್, ಬೆಚ್ಚಗಿನ ಜಾಗ, ದ್ರವ. ಪ್ರಾಣ ಉಳಿಸುವ ತುರ್ತು ಇಲ್ಲದಿದ್ದರೆ ಒಂದು ದಿನ ತಡವಾದರೂ ನಷ್ಟವಿಲ್ಲ.

ಆಮೇಲೆ ಎದೆಮೂಳೆಯ ಮೇಲೆ ಬೆರಳಾಡಿಸಿ. ಮೂಳೆ ಚಾಕುವಿನ ಅಲಗಿನಂತೆ ಚೂಪಾಗಿ ಸಿಕ್ಕರೆ ಹಕ್ಕಿ ಸೊರಗಿದೆ. ಸ್ನಾಯುವೂ ತೆಳು, ಮದ್ದು ತಾಳುವ ಶಕ್ತಿಯೂ ಕಡಿಮೆ. ಮೂಳೆಯೇ ಸಿಗದಷ್ಟು ಕೊಬ್ಬಿದ್ದರೆ ಲಿವರ್‌ನಲ್ಲೂ ಕೊಬ್ಬು ತುಂಬಿರುವ ಸಾಧ್ಯತೆ ಇದೆ. ಅಂಥ ಹಕ್ಕಿಯಲ್ಲಿ ಮದ್ದು ಇಳಿಯೋಕೆ ಹೊತ್ತು ಹಿಡಿಯುತ್ತದೆ. ಆಫ್ರಿಕಾದ ಬೂದು ಗಿಳಿಯಾಗಿದ್ದರೆ, ಅಥವಾ ಮೊಟ್ಟೆ ಸಿಕ್ಕಿಹಾಕಿಕೊಂಡ ಹೆಣ್ಣಾಗಿದ್ದರೆ, ಕ್ಯಾಲ್ಸಿಯಂ ಕಡಿಮೆ ಇದೆಯೇ ಅಂತ ನೋಡಿ.

ತೂಕ ಗ್ರಾಂ ಲೆಕ್ಕದಲ್ಲೇ ಬೇಕು. ಅಂದಾಜು ಬೇಡ. ಪುಕ್ಕ ಕಣ್ಣನ್ನು ಮೋಸ ಮಾಡುತ್ತದೆ.

ಉಪವಾಸದ ವಿಷಯದಲ್ಲಿ ನಾಯಿ ಬೆಕ್ಕಿನ ನಿಯಮ ಇಲ್ಲಿಗೆ ತರಬೇಡಿ. ಚಿಕ್ಕ ಹಕ್ಕಿಯ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ಸ್ವಲ್ಪವೇ. ರಾತ್ರಿಯಿಡೀ ಉಪವಾಸ ಇಟ್ಟರೆ ಮದ್ದಿಗಿಂತ ಮೊದಲು ಸಕ್ಕರೆ ಕುಸಿತವೇ ಅದನ್ನು ಕೆಡವಬಹುದು. ಗಂಟಲಿನ ಆಹಾರಚೀಲ ಖಾಲಿಯಾಗುವಷ್ಟು ಹೊತ್ತು ಸಾಕು. ಪುಟ್ಟ ಹಕ್ಕಿಗೆ 1ರಿಂದ 3 ಗಂಟೆ, ದೊಡ್ಡ ಗಿಳಿಗೆ 4ರಿಂದ 6 ಗಂಟೆ. ಗಿಡುಗ, ಗೂಬೆಗಳು ತಿಂದ ಬೇಟೆಯ ಕೂದಲು ಮೂಳೆಗಳ ಉಂಡೆಯನ್ನು ಕಾರಿಕೊಳ್ಳುವ ತನಕ ಕಾಯಿರಿ. ಗಡಿಯಾರಕ್ಕಿಂತ ನಿಮ್ಮ ಬೆರಳನ್ನು ನಂಬಿ. ಕುತ್ತಿಗೆಯ ಬುಡ ಮುಟ್ಟಿದರೆ ಚೀಲ ತುಂಬಿದೆಯೋ ಇಲ್ಲವೋ ತಿಳಿಯುತ್ತದೆ.

ಹಂತ 2: ಮದ್ದಿನ ಆಯ್ಕೆ

ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದೇ: ಈ ಮದ್ದಿಗೆ ಪ್ರತಿಮದ್ದು ಇದೆಯೇ? ಇದ್ದರೆ, ಕೆಟ್ಟದ್ದು ನಡೆದಾಗ ಕೈಯಲ್ಲಿ ಏನೋ ಒಂದು ಇರುತ್ತದೆ.

ಮಿಡಝೋಲಮ್‌ಗೆ ಇದೆ, ಫ್ಲುಮಝೆನಿಲ್. ಮಿಡಝೋಲಮ್ ನೀರಿನಲ್ಲಿ ಕರಗುವುದರಿಂದ ಸ್ನಾಯುವಿನಿಂದ ಚೆನ್ನಾಗಿ ಹೀರಿಕೊಳ್ಳುತ್ತದೆ, ನೋವೂ ಕಡಿಮೆ. ಮೂಗಿನ ಹೊಳ್ಳೆಗೆ ಹನಿ ಹನಿಯಾಗಿ ಬಿಟ್ಟರೂ ಗಿಳಿಗಳಂಥ ಹಲವು ಹಕ್ಕಿಗಳಲ್ಲಿ ಕೆಲಸ ಮಾಡುತ್ತದೆ. ಸಾಮಾನ್ಯ ಡೋಸ್ ಕೆಜಿಗೆ 0.5ರಿಂದ 2 ಮಿಲಿಗ್ರಾಂ. ಹೃದಯ, ಉಸಿರಿನ ಮೇಲೆ ಇದರ ಹೊಡೆತ ಉಳಿದವಕ್ಕಿಂತ ಸೌಮ್ಯ. ಆದರೆ ನೋವು ಕಡಿಮೆ ಮಾಡುವ ಗುಣ ಇದಕ್ಕಿಲ್ಲ. ಹಕ್ಕಿ ಸುಮ್ನೆ ಮಲಗಿದೆ ಅಂದರೆ ಅದಕ್ಕೆ ನೋವಿಲ್ಲ ಅಂತ ಅರ್ಥವಲ್ಲ. ಡಯಜೆಪಾಮ್ ಇದೇ ಗುಂಪಿನದು. ಅದನ್ನು ಕರಗಿಸಿರುವ ದ್ರವ ಸ್ನಾಯುವನ್ನು ಉರಿಸುತ್ತದೆ, ಹೀರಿಕೆಯೂ ಏರುಪೇರು. ಸ್ನಾಯುವಿಗಾದರೆ ಮಿಡಝೋಲಮ್ ಮೇಲು.

ಬ್ಯುಟಾರ್ಫನಾಲ್ ನೋವಿಗೂ ಮಂಪರಿಗೂ ಆಗುತ್ತದೆ. ಗಿಳಿಗಳಲ್ಲಿ ಕೆಜಿಗೆ 1ರಿಂದ 4 ಮಿಲಿಗ್ರಾಂ ಬಳಸುತ್ತಾರೆ. ಮಿಡಝೋಲಮ್ ಜೊತೆ ಸೇರಿಸಿದರೆ ಎಕ್ಸ್‌ರೇಯಂಥ ಕೆಲಸ ಆರಾಮವಾಗಿ ಮುಗಿಯುತ್ತದೆ. ಗಿಡುಗ ಜಾತಿಯ ಹಕ್ಕಿಗಳ ನೋವಿಗೆ ಮಾತ್ರ ಇದನ್ನೇ ನಂಬಿ ಕೂರಬೇಡಿ. ಅಮೆರಿಕದ ಪುಟ್ಟ ಬೇಟೆಹಕ್ಕಿ ಕೆಸ್ಟ್ರಲ್‌ಗಳ ಮೇಲೆ ಪರೀಕ್ಷಿಸಿದಾಗ ಇದು ನೋವನ್ನು ಸರಿಯಾಗಿ ತಗ್ಗಿಸಲಿಲ್ಲ, ಹೈಡ್ರೊಮಾರ್ಫೋನ್ ಅನ್ನುವ ಇನ್ನೊಂದು ನೋವುಮದ್ದು ತಗ್ಗಿಸಿತು.

ಕೆಟಮಿನ್ ಹಕ್ಕಿಗಳಲ್ಲಿ ಹಳೆಯ ಮದ್ದು, ಎಲ್ಲ ಕಡೆ ಸಿಗುವ ಮದ್ದು. ಹೃದಯ ಮತ್ತು ಉಸಿರನ್ನು ಒಂದು ಮಟ್ಟಕ್ಕೆ ಕಾಪಾಡುತ್ತದೆ. ಆದರೆ ಒಂಟಿಯಾಗಿ ಕೊಟ್ಟರೆ ಸ್ನಾಯು ಸೆಟೆದುಕೊಳ್ಳುತ್ತದೆ, ಕುತ್ತಿಗೆ ಹಿಂದಕ್ಕೆ ಬಾಗುತ್ತದೆ, ಜೊಲ್ಲು ಸುರಿಯುತ್ತದೆ. ಎಚ್ಚರವಾಗುವಾಗ ರೆಕ್ಕೆ ಬಡಿದು ಒದ್ದಾಡುತ್ತದೆ. ಪ್ರತಿಮದ್ದೂ ಇಲ್ಲ. ಅದಕ್ಕೆ ಇದನ್ನು ಮಿಡಝೋಲಮ್ ಅಥವಾ ಮೆಡೆಟೊಮಿಡಿನ್ ಜೊತೆ ಸೇರಿಸಿಯೇ ಕೊಡಬೇಕು. ಜಾತಿ, ಗಾತ್ರ, ಜೊತೆಮದ್ದು ನೋಡಿಕೊಂಡು ಕೆಜಿಗೆ 10ರಿಂದ 50 ಮಿಲಿಗ್ರಾಂವರೆಗೆ ಡೋಸ್ ಹರಡಿಕೊಂಡಿದೆ. ಹಕ್ಕಿ ಚಿಕ್ಕದಾದಷ್ಟೂ ಕೆಜಿ ಲೆಕ್ಕದ ಡೋಸ್ ಏರುತ್ತದೆ. ಆಸ್ಟ್ರಿಚ್‌ನಂಥ ದೊಡ್ಡ ಹಕ್ಕಿಗೆ ಇಳಿಯುತ್ತದೆ. ಹಾಗಾಗಿ ಒಂದು ಜಾತಿಯ ಡೋಸನ್ನು ಇನ್ನೊಂದಕ್ಕೆ ಸುಮ್ಮನೆ ಎತ್ತಿ ಹಾಕುವುದು ತಪ್ಪು.

ಝೈಲಜಿನ್ ಅಗ್ಗ, ಸುಲಭ. ನನಗೆ ಇಷ್ಟವಿಲ್ಲದ ಮದ್ದೂ ಹೌದು. ಎದೆಬಡಿತ ಇಳಿಸುತ್ತದೆ, ಲಯ ತಪ್ಪಿಸುತ್ತದೆ, ಉಸಿರು ಕುಗ್ಗಿಸುತ್ತದೆ, ಮೈ ತಣ್ಣಗಾಗಿಸುತ್ತದೆ. ಈಗಾಗಲೇ ಬಳಲಿದ ಹಕ್ಕಿಗೆ ಇದು ಬೇಡವೇ ಬೇಡ. ಆರೋಗ್ಯವಾಗಿರುವ ಹಕ್ಕಿಗೆ ಬೇರೆ ದಾರಿಯಿಲ್ಲದೆ ಕೊಡುವುದಾದರೂ ಅದರ ಪ್ರತಿಮದ್ದಾದ ಯೊಹಿಂಬಿನ್ ಅಥವಾ ಅಟಿಪಮೆಝೋಲ್ ಪಕ್ಕದಲ್ಲಿರಬೇಕು. ಮೆಡೆಟೊಮಿಡಿನ್, ಡೆಕ್ಸ್‌ಮೆಡೆಟೊಮಿಡಿನ್ ಇದೇ ಗುಂಪಿನವು, ಅದೇ ತೊಂದರೆಗಳೂ ಇವೆ. ಆದರೆ ಅಟಿಪಮೆಝೋಲ್ ಅವನ್ನು ಚೆನ್ನಾಗಿ ಇಳಿಸುತ್ತದೆ.

ಪ್ರೊಪೊಫಾಲ್ ರಕ್ತನಾಳಕ್ಕೆ ಮಾತ್ರ. ಬೇಗ ನಿದ್ದೆ ಬರಿಸುತ್ತದೆ, ಅಷ್ಟೇ ಬೇಗ ಉಸಿರನ್ನೂ ನಿಲ್ಲಿಸುತ್ತದೆ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಉಸಿರು ಕೊಡುವ ವ್ಯವಸ್ಥೆ ಇಲ್ಲದವರು ಇದನ್ನು ಮುಟ್ಟಬಾರದು. ಅಲ್ಫಾಕ್ಸಲೋನ್ ಸ್ನಾಯುವಿಗೂ ಆಗುತ್ತದೆ. ಒಂಟಿಯಾಗಿ ಕೊಟ್ಟರೆ ನಡುಕ, ಒದ್ದಾಟ ಕಾಣಿಸುತ್ತದೆ, ಜೊತೆಗೆ ಮಿಡಝೋಲಮ್ ಇದ್ದರೆ ತಗ್ಗುತ್ತದೆ. ಪೆಂಟೊಬಾರ್ಬಿಟಾಲ್‌ನಂಥ ಹಳೆಯ ಮದ್ದುಗಳಲ್ಲಿ ನಿದ್ದೆಯ ಡೋಸ್‌ಗೂ ಸಾವಿನ ಡೋಸ್‌ಗೂ ಅಂತರ ತೀರಾ ಕಡಿಮೆ. ಅರಿವಳಿಕೆಗೆ ಅವುಗಳ ಕಾಲ ಮುಗಿಯಿತು.

ಹಂತ 3: ಲೆಕ್ಕ

ಹೆಚ್ಚಿನ ಅನಾಹುತ ಹುಟ್ಟುವುದು ಇಲ್ಲಿ. ಒಂದು ಉದಾಹರಣೆ ಪೂರ್ತಿ ಮಾಡೋಣ.

ಬಡ್ಜರಿಗಾರ್ ಒಂದರ ತೂಕ 35 ಗ್ರಾಂ, ಅಂದರೆ 0.035 ಕೆಜಿ. ಕೆಟಮಿನ್ ಕೆಜಿಗೆ 20 ಮಿಲಿಗ್ರಾಂ ಅಂತ ತೀರ್ಮಾನಿಸಿದಿರಿ. 20ನ್ನು 0.035ರಿಂದ ಗುಣಿಸಿದರೆ 0.7 ಮಿಲಿಗ್ರಾಂ. ಬಾಟಲಿಯಲ್ಲಿ ಒಂದು ಮಿಲಿಲೀಟರ್‌ಗೆ 50 ಮಿಲಿಗ್ರಾಂ ಇದೆ. ಹಾಗಾದರೆ ಬೇಕಿರುವುದು 0.014 ಮಿಲಿಲೀಟರ್. ಇನ್ಸುಲಿನ್ ಸಿರಿಂಜ್‌ನಲ್ಲಿ ಒಂದು ಗೆರೆಯೆಂದರೆ 0.01 ಮಿಲಿಲೀಟರ್, ಒಂದೂವರೆ ಗೆರೆಯೂ ಇಲ್ಲ! ಸಾಮಾನ್ಯ ಸಿರಿಂಜ್ ಆದರೆ ಸೂಜಿ ಕೂರುವ ಮೂತಿಯಲ್ಲೇ ಇದರ ಹಲವು ಪಟ್ಟು ಮದ್ದು ಉಳಿದಿರುತ್ತದೆ. ಸಿರಿಂಜ್ ಒಳಗೇ ಎರಡನೇ ಮದ್ದು ಎಳೆದುಕೊಂಡರೆ, ಮೂತಿಯಲ್ಲಿದ್ದದ್ದೂ ಒಳಗೆ ಸೇರಿ ಡೋಸ್ ಎರಡು ಮೂರು ಪಟ್ಟಾಗಬಹುದು. ಲೆಕ್ಕ ಸರಿಯಿದ್ದೂ ಹಕ್ಕಿ ಸಾಯುವುದು ಹೀಗೆ.

ದಾರಿ ಸರಳ. 1 ಮಿಲಿಲೀಟರ್ ಕೆಟಮಿನ್‌ಗೆ 9 ಮಿಲಿಲೀಟರ್ ಸ್ಟೆರೈಲ್ ಸಲೈನ್ ಬೆರೆಸಿ. ಈಗ ಒಂದು ಮಿಲಿಲೀಟರ್‌ಗೆ 5 ಮಿಲಿಗ್ರಾಂ. ಬೇಕಿರುವುದು 0.14 ಮಿಲಿಲೀಟರ್, ಅಂದರೆ 14 ಗೆರೆ. ಕಣ್ಣಿಗೆ ಕಾಣುತ್ತದೆ, ಒಂದು ಗೆರೆ ಆಚೀಚೆ ಆದರೂ ಪ್ರಾಣ ಹೋಗುವುದಿಲ್ಲ. ಮಿಡಝೋಲಮ್‌ಗೂ ಹಾಗೇ. ಕೆಜಿಗೆ 1 ಮಿಲಿಗ್ರಾಂ ಅಂದರೆ ಈ ಹಕ್ಕಿಗೆ 0.035 ಮಿಲಿಗ್ರಾಂ. ಮಿಲಿಲೀಟರ್‌ಗೆ 5 ಮಿಲಿಗ್ರಾಂ ಇರುವ ಮದ್ದನ್ನು ಹತ್ತು ಪಟ್ಟು ತೆಳುಮಾಡಿದರೆ 0.07 ಮಿಲಿಲೀಟರ್. ಎರಡೂ ಸೇರಿ 0.21. ಬಡ್ಜರಿಗಾರ್‌ನ ಎದೆ ಸ್ನಾಯುವಿಗೆ ಒಂದೇ ಕಡೆ ಇಷ್ಟು ಜಾಸ್ತಿ, ಎರಡೂ ಬದಿಗೆ ಹಂಚಿ.

ಬೆರೆಸಿದ ಬಾಟಲಿಯ ಮೇಲೆ ಹೆಸರು, ಹೊಸ ಪ್ರಮಾಣ, ತಾರೀಖು ಬರೆಯಿರಿ. ನಿಮ್ಮ ಲೆಕ್ಕವನ್ನು ನೋಡದೆ ಇನ್ನೊಬ್ಬರು ಅದೇ ಲೆಕ್ಕ ಮಾಡಲಿ. ಎರಡೂ ಉತ್ತರ ಒಂದೇ ಬಂದರೆ ಮಾತ್ರ ಸಿರಿಂಜ್ ತುಂಬಿ. ದಶಮಾಂಶದ ಚುಕ್ಕಿ ಒಂದು ಮನೆ ಸರಿದರೆ ಹತ್ತು ಪಟ್ಟು ಮದ್ದು, ನೆನಪಿರಲಿ.

ಲಿಡೊಕೇನ್ ಬಗ್ಗೆಯೂ ಇಲ್ಲೇ ಹೇಳಬೇಕು. ಗಾಯದ ಸುತ್ತ ಹಾಕುವ ಈ ಮರಗಟ್ಟಿಸುವ ಮದ್ದು ಹಕ್ಕಿಗೆ ವಿಷ ಅನ್ನುವ ಮಾತು ಹಿಂದಿನಿಂದ ಬಂದಿದೆ. ವಿಷವಾಗುವುದು ಬಹುಪಾಲು ಡೋಸ್ ಮೀರುವುದರಿಂದ. ಕೆಜಿಗೆ 4 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ನಮ್ಮ 35 ಗ್ರಾಂ ಹಕ್ಕಿಗೆ ಅದು ಶೇ. 2ರ ದ್ರಾವಣದಲ್ಲಿ ಬರೀ 0.007 ಮಿಲಿಲೀಟರ್. ತೆಳು ಮಾಡದೆ ಒಂದು ಹನಿ ಹಾಕಿದರೂ ಮಿತಿ ಹಲವು ಪಟ್ಟು ಮೀರಿತು. ಮೀರಿದರೆ ನಡುಕ, ಸೆಳವು, ಹೃದಯ ನಿಲ್ಲುವುದು.

ಹಂತ 4: ಮೇಜು ಸಿದ್ಧಮಾಡಿ

ಹಕ್ಕಿಯನ್ನು ಪಂಜರದಿಂದ ತೆಗೆಯುವ ಮೊದಲೇ ಇವೆಲ್ಲ ಕೈಗೆಟುಕುವಂತಿರಲಿ:

- ಆಕ್ಸಿಜನ್, ಹಕ್ಕಿಯ ತಲೆಗೆ ಹೊಂದುವ ಮಾಸ್ಕ್.
- ಕಫ್ (ಟ್ಯೂಬ್ ಸುತ್ತ ಗಾಳಿ ತುಂಬಿ ಉಬ್ಬಿಸುವ ಪಟ್ಟಿ) ಇಲ್ಲದ, ಶ್ವಾಸನಾಳಕ್ಕೆ ಹಾಕುವ ಟ್ಯೂಬ್. ಹಕ್ಕಿಯ ಶ್ವಾಸನಾಳದ ಉಂಗುರಗಳು ಪೂರ್ತಿ ಸುತ್ತಿಕೊಂಡಿರುತ್ತವೆ, ಹಿಗ್ಗಲ್ಲ. ಕಫ್ ಉಬ್ಬಿಸಿದರೆ ಒಳಪದರ ಜಜ್ಜಿಹೋಗುತ್ತದೆ. ಪುಟ್ಟ ಹಕ್ಕಿಗೆ ಸೂಜಿ ತೆಗೆದ ಕ್ಯಾನುಲಾದ ಪ್ಲಾಸ್ಟಿಕ್ ನಳಿಕೆಯೇ ಟ್ಯೂಬ್ ಆಗುತ್ತದೆ.
- ಗಾಳಿಚೀಲಕ್ಕೆ ನೇರವಾಗಿ ಹಾಕುವ ನಳಿಕೆ, ಶ್ವಾಸನಾಳ ಮುಚ್ಚಿಹೋದರೆ ಬೇಕು.
- ಪ್ರತಿಮದ್ದು, ಎದೆಬಡಿತ ಇಳಿದಾಗ ಕೊಡುವ ಅಟ್ರೊಪಿನ್, ಹೃದಯ ನಿಂತಾಗ ಕೊಡುವ ಅಡ್ರಿನಲಿನ್. ಈ ಹಕ್ಕಿಯ ತೂಕಕ್ಕೆ ಲೆಕ್ಕ ಹಾಕಿ, ಸಿರಿಂಜ್‌ಗೆ ತುಂಬಿ, ಹೆಸರು ಅಂಟಿಸಿಟ್ಟಿರಬೇಕು.
- ಬಿಸಿ ಮಾಡುವ ಸಾಧನ, ಥರ್ಮಾಮೀಟರ್, ಬೆಚ್ಚಗಿನ ಸಲೈನ್.
- ಡಾಪ್ಲರ್ (ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಸಾಧನ) ಅಥವಾ ಚಿಕ್ಕ ಸ್ಟೆತಸ್ಕೋಪ್, ಗಡಿಯಾರ, ಬರೆದುಕೊಳ್ಳೋಕೆ ಹಾಳೆ.

ಉಸಿರು ನಿಂತ ಮೇಲೆ ಡೋಸ್ ಲೆಕ್ಕ ಹಾಕೋಕೆ ಯಾರಿಗೂ ಕೈ ಬರುವುದಿಲ್ಲ. ಅದಕ್ಕೇ ಸಿರಿಂಜ್ ತುಂಬಿಯೇ ಇಡಿ ಅನ್ನುವುದು.

ಹಂತ 5: ಹಿಡಿಯುವುದು, ಚುಚ್ಚುವುದು

ಕೋಣೆಯ ಬೆಳಕು ತಗ್ಗಿಸಿ. ಮಾತು ಕಡಿಮೆ ಮಾಡಿ. ಟವೆಲ್‌ನಲ್ಲಿ ಹಗುರವಾಗಿ ಸುತ್ತಿ, ತಲೆ ಹಿಡಿಯಿರಿ, ಎದೆ ಒತ್ತಬೇಡಿ. ಅಟ್ಟಿಸಿಕೊಂಡು ಹೋಗಿ ಹಿಡಿದ ಹಕ್ಕಿಯ ರಕ್ತದಲ್ಲಿ ಅಡ್ರಿನಲಿನ್ ತುಂಬಿರುತ್ತದೆ. ಆಗಲೇ ಮದ್ದು ಕೊಟ್ಟರೆ ಹೃದಯದ ಲಯ ತಪ್ಪುವ ಭಯ ಹೆಚ್ಚು, ಮದ್ದೂ ಸರಿಯಾಗಿ ಹಿಡಿಯುವುದಿಲ್ಲ. ಒದ್ದಾಡಿ ಬಳಲಿದ್ದರೆ ವಾಪಸ್ ಕತ್ತಲ ಪೆಟ್ಟಿಗೆಗೆ ಬಿಟ್ಟು ಸುಧಾರಿಸಿಕೊಳ್ಳಲು ಬಿಡಿ. ಉದ್ದ ಕಾಲಿನ ಹಕ್ಕಿಗಳಲ್ಲಿ, ಅಂದರೆ ಕ್ರೌಂಚ, ಫ್ಲೆಮಿಂಗೋ, ಆಸ್ಟ್ರಿಚ್‌ಗಳಲ್ಲಿ, ಹಿಡಿಯುವಾಗಿನ ಒದ್ದಾಟವೇ ಕಾಲಿನ ಸ್ನಾಯುಗಳನ್ನು ಕೊಳೆಯಿಸಿ, ಕೆಲವು ದಿನಗಳ ಮೇಲೆ ಕೊಲ್ಲಬಲ್ಲದು.

ಇಂಜೆಕ್ಷನ್‌ಗೆ ಎದೆಯ ಸ್ನಾಯು ಉತ್ತಮ. ಎದೆಮೂಳೆಯ ಪಕ್ಕದಲ್ಲಿ, ಸ್ನಾಯು ದಪ್ಪವಾಗಿರುವ ಕಡೆ, ಸಣ್ಣ ಸೂಜಿಯಿಂದ, ಓರೆಯಾಗಿ, ಹೆಚ್ಚು ಆಳಕ್ಕೆ ಹೋಗದಂತೆ ಚುಚ್ಚಿ. ಪ್ಲಂಜರ್ ಸ್ವಲ್ಪ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲ ಅಂತ ನೋಡಿ, ಆಮೇಲೆ ನಿಧಾನಕ್ಕೆ ಒತ್ತಿ. ಸ್ಪಿರಿಟ್ ಸುರಿಯಬೇಡಿ, ಅದು ಆರುವಾಗ ಮೈಯ ಬಿಸಿ ಕದಿಯುತ್ತದೆ. ಪುಕ್ಕ ಸರಿಸಿ ಒಂದು ಚುಕ್ಕಿಯಷ್ಟು ಒರೆಸಿದರೆ ಸಾಕು. ಕಾಲಿನ ಸ್ನಾಯು ಯಾಕೆ ಬೇಡ? ಹಕ್ಕಿಯ ಕಾಲಿನಿಂದ ಮೇಲೇರುವ ರಕ್ತದ ಒಂದು ಪಾಲು ಮೊದಲು ಕಿಡ್ನಿಗೆ ಹೋಗಬಹುದು. ಮದ್ದು ಮೈಗೆ ಹರಡುವ ಮೊದಲೇ ಸೋರಿಹೋಗುವ ಸಾಧ್ಯತೆ ಇರುತ್ತದೆ, ಕಿಡ್ನಿಗೂ ಸುಮ್ಮನೆ ಹೊರೆ.

ರಕ್ತನಾಳ ಬೇಕಿದ್ದರೆ ಕುತ್ತಿಗೆಯ ಬಲಬದಿಯದು ಎಡಕ್ಕಿಂತ ದಪ್ಪ. ರೆಕ್ಕೆಯ ನಾಳ ಬೇಗ ಒಡೆದು ರಕ್ತ ಕಟ್ಟುತ್ತದೆ. ಮೂಳೆಯೊಳಗೆ ಸೂಜಿ ಹಾಕುವುದಾದರೆ ರೆಕ್ಕೆಯ ಮುಂಗೈ ಮೂಳೆ ಅಲ್ನಾ ಅಥವಾ ಮೊಣಕಾಲಿನ ಕೆಳಗಿನ ಮೂಳೆ ಟಿಬಿಯೊಟಾರ್ಸಸ್ ಮಾತ್ರ. ರೆಕ್ಕೆಯ ಮೇಲಿನ ಮೂಳೆ, ತೊಡೆಮೂಳೆಗಳ ಒಳಗೆ ಗಾಳಿ ಇರುತ್ತದೆ. ಅಲ್ಲಿಗೆ ಬಿಟ್ಟ ದ್ರವ ನೇರ ಉಸಿರಾಟದ ದಾರಿ ಸೇರಿ ಹಕ್ಕಿ ಮುಳುಗಿ ಸಾಯುತ್ತದೆ.

ಮದ್ದು ಕೊಟ್ಟ ಹೊತ್ತು ಬರೆದುಕೊಳ್ಳಿ. ಕತ್ತಲು ಮಾಡಿ, ಕಣ್ಣಳತೆಯಲ್ಲೇ ಇಟ್ಟುಕೊಂಡು ಕಾಯಿರಿ. ಸಾಮಾನ್ಯವಾಗಿ 5ರಿಂದ 15 ನಿಮಿಷದಲ್ಲಿ ತಲೆ ಬಾಗುತ್ತದೆ. ಮಂಪರು ಬರಲಿಲ್ಲ ಅಂತ ಐದನೇ ನಿಮಿಷಕ್ಕೇ ಇನ್ನೊಂದು ಡೋಸ್ ಹಾಕಬೇಡಿ. ಮೊದಲನೆಯದು ತಡವಾಗಿ ಏರಿ ಎರಡೂ ಒಟ್ಟಿಗೆ ಬಡಿಯುತ್ತವೆ.

ಹಂತ 6: ಒಬ್ಬರ ಕಣ್ಣು ಉಸಿರಿನ ಮೇಲೆಯೇ

ಆಪರೇಷನ್ ಮಾಡುವವರು ಬೇರೆ, ಹಕ್ಕಿ ನೋಡುವವರು ಬೇರೆ. ನೋಡುವವರಿಗೆ ಬೇರೆ ಯಾವ ಕೆಲಸವೂ ಇರಬಾರದು. ಮೈಮೇಲೆ ಪಾರದರ್ಶಕ ಹೊದಿಕೆ ಹಾಕಿದರೆ ಎದೆಮೂಳೆಯ ಆಟ ಕಾಣುತ್ತದೆ. ಉಸಿರಿನ ಲೆಕ್ಕದಷ್ಟೇ ಆಳವೂ ಮುಖ್ಯ. ಎದೆಬಡಿತಕ್ಕೆ ರೆಕ್ಕೆಯ ಅಪಧಮನಿಯ ಮೇಲೆ ಡಾಪ್ಲರ್ ಇಟ್ಟು ಆ ಸದ್ದನ್ನು ಕೋಣೆಯಿಡೀ ಕೇಳುವಂತೆ ಬಿಡಿ. ಸಂಖ್ಯೆ ಎಷ್ಟಿದೆ ಅನ್ನುವುದಕ್ಕಿಂತ ಅದು ಯಾವ ಕಡೆ ಸರಿಯುತ್ತಿದೆ ಅನ್ನುವುದು ಹೆಚ್ಚು ಹೇಳುತ್ತದೆ. ಮನುಷ್ಯರ ರಕ್ತಕ್ಕೆ ಮಾಡಿದ ಪಲ್ಸ್ ಆಕ್ಸಿಮೀಟರ್ ಹಕ್ಕಿಯಲ್ಲಿ ತೋರಿಸುವ ಆಕ್ಸಿಜನ್ ಸಂಖ್ಯೆಯನ್ನು ನೆಚ್ಚಬೇಡಿ. ಟ್ಯೂಬ್ ಹಾಕಿದ್ದರೆ ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೊಗ್ರಾಫ್ ಒಳ್ಳೆಯ ಸಂಗಾತಿ.

ಮಂಪರಿನ ಆಳ ತಿಳಿಯಲು ಕಾಲ್ಬೆರಳು ಚಿವುಟಿ, ರೆಪ್ಪೆ ಮುಟ್ಟಿ. ಕಣ್ಣಿನ ಮೂರನೇ ರೆಪ್ಪೆ ನಿಧಾನವಾಗಿಯಾದರೂ ಸರಿದಾಡುತ್ತಿರಬೇಕು. ಅದೂ ನಿಂತರೆ ತೀರಾ ಆಳ. ಕಣ್ಣಿನ ಪಾಪೆ ನೋಡಿ ಏನೂ ಹೇಳಲಾಗದು, ಹಕ್ಕಿಗಳಲ್ಲಿ ಅದನ್ನು ಆಡಿಸುವ ಸ್ನಾಯುವೇ ಬೇರೆ ಬಗೆಯದು. ಕೆಟಮಿನ್ ಕೊಟ್ಟಾಗ ಕಣ್ಣು ತೆರೆದೇ ಇರುತ್ತದೆ, ಒಣಗದಂತೆ ಮುಲಾಮು ಹಚ್ಚಿ.

ಚಿಕ್ಕ ಕೆಲಸವೇ ಆಗಲಿ, ಆಕ್ಸಿಜನ್ ಕೊಡುತ್ತಲೇ ಇರಿ.

ತೊಂದರೆ ಬಂದಾಗ

ಉಸಿರು ನಿಂತಿತು ಅಂದುಕೊಳ್ಳಿ. ಮೊದಲು ಮೈಮೇಲಿನ ಭಾರ ತೆಗೆಯಿರಿ. ಎಷ್ಟೋ ಸಲ ಆಪರೇಷನ್ ಮಾಡುವವರ ಕೈಯೇ ಎದೆಯ ಮೇಲೆ ಒರಗಿರುತ್ತದೆ. ಕುತ್ತಿಗೆ ನೇರ ಮಾಡಿ, ಬಾಯಿ ತೆರೆದು ಲೋಳೆ ಒರೆಸಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಕಾಣುತ್ತದೆ, ಟ್ಯೂಬ್ ಹಾಕುವುದು ಕಷ್ಟವಲ್ಲ. 4ರಿಂದ 6 ಸೆಕೆಂಡಿಗೊಮ್ಮೆ ಮೆಲ್ಲಗೆ ಉಸಿರು ಕೊಡಿ, ಒತ್ತಡ 15 ಸೆಂಟಿಮೀಟರ್ ನೀರಿನ ಮಟ್ಟ ದಾಟದಿರಲಿ. ಜಾಸ್ತಿಯಾದರೆ ಗಾಳಿಚೀಲ ಒಡೆಯುತ್ತದೆ. ಟ್ಯೂಬ್ ಇಲ್ಲದಿದ್ದರೆ ಎದೆಮೂಳೆಯನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಮೃದುವಾಗಿ ಆಡಿಸಿ, ಗಾಳಿ ಓಡಾಡುತ್ತದೆ. ಇದರ ಜೊತೆಗೇ ಪ್ರತಿಮದ್ದು. ಡೊಕ್ಸಾಪ್ರಾಮ್‌ನಂಥ ಉಸಿರು ಎಬ್ಬಿಸುವ ಮದ್ದು ಕೈಯಿಂದ ಉಸಿರು ಕೊಡುವುದಕ್ಕೆ ಬದಲಿಯಲ್ಲ.

ಟ್ಯೂಬ್ ಇದ್ದೂ ಎದೆ ಏಳದಿದ್ದರೆ, ಅಥವಾ ಉಸಿರು ಬಿಡುವಾಗ ಹೊತ್ತು ಹಿಡಿಯುತ್ತಿದ್ದರೆ, ಟ್ಯೂಬ್‌ನಲ್ಲಿ ಲೋಳೆ ಕಟ್ಟಿದೆ ಅಂತಲೇ ತಿಳಿಯಿರಿ. ತೆಗೆದು ಹೊಸದು ಹಾಕಿ. ಜೊಲ್ಲು ತಡೆಯಲೆಂದು ಅಟ್ರೊಪಿನ್ ಮೊದಲೇ ಕೊಡುವ ಅಭ್ಯಾಸ ಹಕ್ಕಿಗಳಲ್ಲಿ ಒಳ್ಳೆಯದಲ್ಲ. ಅದು ಲೋಳೆಯನ್ನು ಗಟ್ಟಿ ಮಾಡಿ ಈ ತೊಂದರೆಯನ್ನೇ ತರುತ್ತದೆ. ಎದೆಬಡಿತ ಅಪಾಯದ ಮಟ್ಟಕ್ಕೆ ಇಳಿದಾಗ ಬೇಕಾದರೆ ಕೊಡಿ. ಝೈಲಜಿನ್, ಮೆಡೆಟೊಮಿಡಿನ್‌ನಿಂದ ಇಳಿದಿದ್ದರೆ ಅದರ ಪ್ರತಿಮದ್ದೇ ಸರಿಯಾದ ಉತ್ತರ.

ಮೈ ತಣ್ಣಗಾಗುವುದು ಸದ್ದಿಲ್ಲದೆ ಕೊಲ್ಲುವ ತೊಂದರೆ. ತಣ್ಣಗಾದ ಹಕ್ಕಿಯ ಲಿವರ್ ನಿಧಾನವಾಗುತ್ತದೆ, ಮದ್ದು ಇಳಿಯುವುದಿಲ್ಲ. ಮದ್ದು ಇಳಿಯದ ಕಾರಣ ಮೈ ಇನ್ನೂ ತಣ್ಣಗಾಗುತ್ತದೆ. ಮೊದಲ ನಿಮಿಷದಿಂದಲೇ ಬಿಸಿ ಕೊಡಿ. ಬಿಸಿ ಗಾಳಿಯ ಹೊದಿಕೆ ಎಲ್ಲಕ್ಕಿಂತ ಚೆನ್ನ. ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತದೆ ಮೈಗೆ ತಾಗಿಸಬೇಡಿ, ಮಂಪರಿನಲ್ಲಿರುವ ಹಕ್ಕಿ ಸುಟ್ಟರೂ ಸರಿಯುವುದಿಲ್ಲ. ಚೀಲ ಆರಿದ ಮೇಲೆ ಅದೇ ಮೈಯಿಂದ ಬಿಸಿ ಎಳೆಯುತ್ತದೆ ಅನ್ನುವುದನ್ನೂ ಮರೆಯಬೇಡಿ. ಪುಕ್ಕ ಬೇಕಾದಷ್ಟೇ ಕೀಳಿ.

ವಾಂತಿಯಾದರೆ ತಲೆ ತಗ್ಗಿಸಿ, ಬಾಯಿ ಒರೆಸಿ, ಗಂಟಲು ಹತ್ತಿಯಿಂದ ಸ್ವಚ್ಛ ಮಾಡಿ. ಸೆಳವು ಬಂದರೆ ಮಿಡಝೋಲಮ್. ರಕ್ತದ ಲೆಕ್ಕವೂ ಇರಲಿ. ಹಕ್ಕಿಯ ಮೈಯಲ್ಲಿ ರಕ್ತ ತೂಕದ ಸುಮಾರು ಹತ್ತನೇ ಒಂದು ಪಾಲು. 35 ಗ್ರಾಂ ಹಕ್ಕಿಗೆ ಮೂರೂವರೆ ಮಿಲಿಲೀಟರ್ ಅಷ್ಟೇ. ಗಾಜ್ ಬಟ್ಟೆಯಲ್ಲಿ ನಾವು ಗಮನಿಸದ ಕಲೆ ಅದಕ್ಕೆ ದೊಡ್ಡ ನಷ್ಟ.

ಕೆಟಮಿನ್ ದ್ರಾವಣ ಆಮ್ಲೀಯ. ಚುಚ್ಚಿದ ಕಡೆ ಸ್ನಾಯು ಕೆರಳುತ್ತದೆ, ನೋಯುತ್ತದೆ. ಹಾರಿ ಬೇಟೆಯಾಡುವ ಕಾಡುಹಕ್ಕಿಗೆ ಎದೆಯ ಸ್ನಾಯುವೇ ಬದುಕು. ಅಂಥವನ್ನು ಬಿಡುಗಡೆ ಮಾಡುವ ಮೊದಲು ಹಾರಾಟ ಸರಿಯಾಗಿದೆಯೇ ಅಂತ ನೋಡಲೇಬೇಕು.

ಹಂತ 7: ಎಬ್ಬಿಸುವುದು

ಆಪರೇಷನ್ ಮುಗಿಯಿತು, ಎಲ್ಲರೂ ಕೈ ತೊಳೆಯಲು ಹೋದರು, ಹಕ್ಕಿ ಒಂಟಿಯಾಯಿತು. ಇದಾಗಬಾರದು. ಸಾವುಗಳಲ್ಲಿ ದೊಡ್ಡ ಪಾಲು ನಡೆಯುವುದೇ ಆಮೇಲಿನ ಗಂಟೆಗಳಲ್ಲಿ.

ಕೆಟಮಿನ್ ಜೊತೆ ಮೆಡೆಟೊಮಿಡಿನ್ ಅಥವಾ ಝೈಲಜಿನ್ ಕೊಟ್ಟಿದ್ದರೆ, ತುರ್ತು ಇಲ್ಲದಿದ್ದಾಗ ಅಟಿಪಮೆಝೋಲ್ ಕೊಡಲು ಆತುರ ಬೇಡ. ಕೆಟಮಿನ್ ಇಳಿಯಲು 30ರಿಂದ 40 ನಿಮಿಷ ಬಿಡಿ. ಬೇಗ ಕೊಟ್ಟರೆ ಉಳಿಯುವುದು ಬರೀ ಕೆಟಮಿನ್, ಹಕ್ಕಿ ಸೆಟೆದು ಒದ್ದಾಡುತ್ತದೆ. ಸಾಮಾನ್ಯ ದ್ರಾವಣಗಳಲ್ಲಿ ಮೆಡೆಟೊಮಿಡಿನ್ ಮಿಲಿಲೀಟರ್‌ಗೆ 1 ಮಿಲಿಗ್ರಾಂ, ಅಟಿಪಮೆಝೋಲ್ 5 ಮಿಲಿಗ್ರಾಂ ಇರುವುದರಿಂದ, ಕೊಟ್ಟ ಮೆಡೆಟೊಮಿಡಿನ್‌ನಷ್ಟೇ ಅಳತೆಯ ಅಟಿಪಮೆಝೋಲ್ ಸಾಕಾಗುತ್ತದೆ. ಫ್ಲುಮಝೆನಿಲ್‌ನ ಪ್ರಭಾವ ಮಿಡಝೋಲಮ್‌ಗಿಂತ ಬೇಗ ಮುಗಿಯುತ್ತದೆ. ಎದ್ದ ಹಕ್ಕಿ ಮತ್ತೆ ಮಂಪರಿಗೆ ಜಾರಬಹುದು, ನೋಡುತ್ತಿರಿ.

ಟವೆಲ್‌ನಲ್ಲಿ ಹಗುರವಾಗಿ ಸುತ್ತಿ, ರೆಕ್ಕೆ ಮೈಗೆ ಕೂಡಿಸಿ, ತಲೆ ಸ್ವಲ್ಪ ಮೇಲಿರುವಂತೆ ಕೈಯಲ್ಲೇ ಹಿಡಿದುಕೊಳ್ಳಿ. ಎದೆ ಬಿಡುವಾಗಿರಲಿ. ತಲೆ ತಾನೇ ಎತ್ತಿ ಹಿಡಿದ ಮೇಲೆ 28ರಿಂದ 32 ಡಿಗ್ರಿಯ, ಮಂದ ಬೆಳಕಿನ ಪೆಟ್ಟಿಗೆಗೆ ಬಿಡಿ. ಕೆಳಗೆ ಮೆತ್ತನೆ ಬಟ್ಟೆ. ಕೂರುವ ಕೋಲು ಬೇಡ, ನೀರಿನ ಬಟ್ಟಲೂ ಬೇಡ. ಅರೆಮಂಪರಿನ ಹಕ್ಕಿ ಬೆರಳಾಳದ ನೀರಿನಲ್ಲೂ ಮುಳುಗುತ್ತದೆ. ಬಾತುಕೋಳಿಯನ್ನು ಪೂರ್ತಿ ಎಚ್ಚರವಾಗುವ ತನಕ ಕೊಳದ ಹತ್ತಿರವೂ ಬಿಡಬೇಡಿ.

ನೋವಿಗೆ ಮೆಲೊಕ್ಸಿಕಾಮ್ ಒಳ್ಳೆಯ ಆಯ್ಕೆ, ಹಕ್ಕಿಯ ಮೈಯಲ್ಲಿ ನೀರಿನಂಶ ಸರಿಯಿದ್ದರೆ. ಡೈಕ್ಲೊಫೆನಾಕ್ ಯಾವ ಕಾರಣಕ್ಕೂ ಬೇಡ. ದಕ್ಷಿಣ ಏಷ್ಯಾದ ಜಿಪ್ಸ್ ಕುಲದ ರಣಹದ್ದುಗಳು ಲಕ್ಷಗಟ್ಟಲೆ ಅಳಿದದ್ದು ಆ ಮದ್ದು ಕೊಟ್ಟಿದ್ದ ದನಗಳ ಹೆಣ ತಿಂದು, ಕಿಡ್ನಿ ಕೆಟ್ಟು. ಕೀಟೊಪ್ರೊಫೆನ್ ಕೂಡ ಅವಕ್ಕೆ ಮಾರಕ.

ನೆಟ್ಟಗೆ ನಿಂತು, ಕೋಲು ಹಿಡಿಯುವಂತಾದಾಗ ಸ್ವಲ್ಪ ನೀರು, ಆಮೇಲೆ ಇಷ್ಟದ ತಿಂಡಿ. ಚಿಕ್ಕ ಹಕ್ಕಿ ಒಂದೆರಡು ಗಂಟೆಯೊಳಗೆ ತಿನ್ನಬೇಕು. ತಿನ್ನದಿದ್ದರೆ ನಳಿಕೆಯಿಂದ ಆಹಾರ ಕೊಡುವುದನ್ನು ಡಾಕ್ಟರ್ ಯೋಚಿಸಬೇಕು.

ಮನೆಗೆ ಕರೆದುಕೊಂಡು ಹೋದವರಿಗೆ: ಆ ರಾತ್ರಿ ಕೋಲನ್ನು ನೆಲದ ಹತ್ತಿರ ಇಳಿಸಿ, ಪಂಜರ ಬೆಚ್ಚಗಿಡಿ, ಜೊತೆಯ ಹಕ್ಕಿಗಳಿಂದ ದೂರ ಇಡಿ. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ ಹಿಕ್ಕೆ ಎಣಿಸಿ, ತೂಕ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ. ಬಾಲ ಆಡಿಸಿ ಉಸಿರಾಡುವುದು, ಉಸಿರಿನಲ್ಲಿ ಕಿರುಗುಟ್ಟುವ ಸದ್ದು, ಹಿಕ್ಕೆ ನಿಲ್ಲುವುದು, ಮರುದಿನವೂ ಮಂಕಾಗಿ ಪುಕ್ಕ ಉಬ್ಬಿಸಿ ಕೂರುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಫೋನ್ ಮಾಡಿ. ಟ್ಯೂಬ್ ಹಾಕಿದ್ದ ಹಕ್ಕಿಯಾದರೆ ಒಂದೆರಡು ವಾರದ ತನಕ ಉಸಿರಿನ ಸದ್ದಿನ ಮೇಲೆ ಕಿವಿ ಇರಲಿ. ಶ್ವಾಸನಾಳಕ್ಕೆ ಆದ ಗಾಯ ಮಾಯುವಾಗ ದಾರಿ ಕಿರಿದಾಗಿ, ಆಪರೇಷನ್ ಮರೆತೇಹೋದ ಮೇಲೆ ಏದುಸಿರು ಶುರುವಾಗುವುದುಂಟು.